ನಿನ್ನ ಕಿವಿ ಸುಳ್ಳು ಹೇಳಿರಲಿಲ್ಲ

ಮಂಗಳವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಮುತ್ತುಗಳು.

ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ ಎಂದು ನನಗೆ ಗೊತ್ತು. ಹೌದು, ಇದು ನನ್ನ ಅಕ್ಷರ ಅಲ್ಲ. ಈ ಕಾಗೆಕಾಲು ಗುಬ್ಬಿಕಾಲು ನಿನ್ನ ಚಿಕ್ಕಮ್ಮನದು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದೇ ಮಾತು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಕಾಗೆಕಾಲು ಅಂದದ್ದಕ್ಕೆ, ಹಾಗಾದ್ರೆ ನೀನೇ ಬರ್ಕೋ ಅಂತ ಪೆನ್ನು ಕೆಳಗಿಟ್ಟು ಮುಖ ಊದಿಸಿಕೊಂಡಳು. ಆಮೇಲೆ ತಾನೇ ನಕ್ಕು ಎತ್ತಿಕೊಂಡಳು. ನಾನು ಮನೆಯಲ್ಲಿದ್ದೇನೆ, ಕಿಟಕಿಯ ಪಕ್ಕ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಮೊದಲು ಅಷ್ಟು ತಿಳಿದುಕೋ. ಕಥೆಪುಸ್ತಕ ಸಿಕ್ಕಿದರೆ ಕೊನೆಯ ಪುಟವನ್ನೇ ಮೊದಲು ಓದುವ ನಿನ್ನ ಚಾಳಿ ಇವತ್ತು ಬೇಡ. ಹಾಸ್ಟೆಲ್ಲಿನ ಮಂಚದ ಮೇಲೆ ಕೂತುಕೋ, ನೀರಿನ ಬಾಟಲಿ ಹತ್ತಿರ ಇಟ್ಟುಕೋ, ಮೊದಲಿನಿಂದ ಓದು.

ಕಾಗದ ಬರೆಯುವವರು ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡುತ್ತಾರೆ. ಚಿಕ್ಕಮ್ಮ ನನ್ನನ್ನು ಕೇಳದೆಯೇ ಆ ಸಾಲನ್ನು ಬರೆದುಬಿಟ್ಟಿದ್ದಳು. ಹಾಳೆ ಹರಿದುಹಾಕಿಸಿ ಹೊಸದು ತೆಗೆಸಿದೆ. ಈ ಕಾಗದದಲ್ಲಿ ಆ ಸಾಲು ಇಲ್ಲ, ಪುಟ್ಟಿ.

ನನಗೆ ಕಾಯಿಲೆ ಇದೆ. ಸುತ್ತಿ ಬಳಸಿ ಹೇಳಿದರೆ ನೀನು ಸಾಲುಗಳ ಸಂದಿಯಲ್ಲಿ ಇನ್ನೇನೋ ಹುಡುಕುತ್ತೀಯ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ನರಗಳ ಕಾಯಿಲೆ. ಉದ್ದನೆಯ ಹೆಸರು. ಡಾಕ್ಟರು ಬರೆದುಕೊಟ್ಟದ್ದರ ಒಂದು ಪ್ರತಿಯನ್ನು ಜೊತೆಗೆ ಇಟ್ಟಿದ್ದೇನೆ, ನೀನು ಹೇಗೂ ಫೋನಿನಲ್ಲಿ ಹುಡುಕದೆ ಬಿಡುವವಳಲ್ಲ. ಮೊದಲು ಬಲಗೈಗೆ ಬಂತು, ಆಮೇಲೆ ನಾಲಿಗೆಗೆ. ಇದು ವಾಸಿಯಾಗುವುದಿಲ್ಲ. ನಿಧಾನ ಮಾಡಲು ಮಾತ್ರೆ ಇದೆ, ತಪ್ಪದೆ ನುಂಗುತ್ತಿದ್ದೇನೆ.

ಶುರುವಾದದ್ದು ಅಂಗಡಿಯಲ್ಲಿ. ಕನ್ನಡಕದ ಕಡ್ಡಿಗೆ ಹಾಕುವ ಸ್ಕ್ರೂ ನೀನು ನೋಡಿದ್ದೀಯಲ್ಲ, ಸಾಸಿವೆ ಕಾಳಿಗಿಂತ ಚಿಕ್ಕದು. ಇಷ್ಟು ವರ್ಷ ಗಿರಾಕಿಯ ಜೊತೆ ಹರಟೆ ಹೊಡೆಯುತ್ತಲೇ ಅದನ್ನು ಕೂರಿಸಿ ತಿರುಗಿಸಿಬಿಡುತ್ತಿದ್ದೆ. ಒಂದು ದಿನ ಜಾರಿ ಬಿತ್ತು. ಮರುದಿನವೂ ಬಿತ್ತು. ನನಗೇ ಕನ್ನಡಕದ ನಂಬರು ಬದಲಾಗಿರಬೇಕು ಎಂದು ಕಣ್ಣು ಪರೀಕ್ಷೆ ಮಾಡಿಕೊಂಡೆ. ಕಣ್ಣು ಚೆನ್ನಾಗಿತ್ತು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ನಮ್ಮ ಯಜಮಾನರು ಒಳ್ಳೆಯವರು, ಏನೂ ಕೇಳದೆ ರಿಪೇರಿ ಮೇಜಿನಿಂದ ಎಬ್ಬಿಸಿ ಕೌಂಟರಿನಲ್ಲಿ ಕೂರಿಸಿದರು. ಕೌಂಟರಿನಲ್ಲಿ ಕೈಗೆ ಕೆಲಸ ಇಲ್ಲ, ಆದರೆ ಮಾತಾಡಬೇಕಲ್ಲ. ಮಾತು ಎಳೆಯಲು ಶುರುವಾಯಿತು. ಒಬ್ಬ ಗಿರಾಕಿ ಯಜಮಾನರ ಹತ್ತಿರ ಹೋಗಿ, ಏನ್ರೀ ಇದು, ಬೆಳಗ್ಗೆ ಬೆಳಗ್ಗೇನೇ ಕುಡಿದು ಬಂದಿದ್ದಾರಾ ಅಂತ ನನ್ನ ಕಡೆ ಕಣ್ಣಲ್ಲೇ ತೋರಿಸಿ ಕೇಳಿದ. ಅವತ್ತು ಟಿಫಿನ್ ಡಬ್ಬಿಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ನರದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮೆದುಳು ಸ್ವಿಚ್ಚು, ಸ್ನಾಯು ಬಲ್ಬು, ನಡುವಿನ ವೈರು ಸವೆಯುತ್ತಿದೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ವೈರು ಬದಲಾಯಿಸೋಕೆ ಬರಲ್ವಾ ಡಾಕ್ಟ್ರೇ ಅಂತ ಚಿಕ್ಕಮ್ಮ ಕೇಳಿದಳು. ಬರಲ್ಲಮ್ಮ ಅಂದರು. ಎಷ್ಟು ದಿನ ಅಂತ ನಾನು ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಥರ, ಹೇಳೋಕಾಗಲ್ಲ ಅಂದರು. ಅವರ ಕನ್ನಡಕದ ಒಂದು ಕಡ್ಡಿ ಸಡಿಲವಾಗಿತ್ತು, ಮಾತಾಡುವಾಗೆಲ್ಲ ಮೂಗಿನ ಮೇಲೆ ಜಾರುತ್ತಿತ್ತು. ಅಂಥ ಮಾತು ಕೇಳಿಸಿಕೊಳ್ಳುತ್ತಲೇ ನಾನು, ಕೊಡಿ ಬಿಗಿ ಮಾಡಿಕೊಡುತ್ತೇನೆ ಎಂದು ಕೈ ಚಾಚಿದೆ. ಆಮೇಲೆ ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ.

ಇಲ್ಲಿ ಸ್ವಲ್ಪ ನಿಲ್ಲಿಸು. ಅಳು ಬಂದರೆ ಅತ್ತುಬಿಡು, ರೂಮಿನ ಹುಡುಗಿ ಏನಂದುಕೊಳ್ಳುತ್ತಾಳೋ ಎಂದು ದಿಂಬಿಗೆ ಮುಖ ಒತ್ತಿಕೊಳ್ಳಬೇಡ. ನಾನೂ ಇಲ್ಲಿ ನಿಲ್ಲಿಸಿದ್ದೇನೆ, ಚಿಕ್ಕಮ್ಮ ಮೂಗು ಒರೆಸಿಕೊಂಡು ಬರಲು ಎದ್ದು ಹೋಗಿದ್ದಾಳೆ.

ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ಈ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನಿನಗಿದೆ. ಅಪ್ಪ ಹೋದ ದಿನ ನೀನು ಗಣಿತದ ಪರೀಕ್ಷೆ ಬರೆಯುತ್ತಿದ್ದೆ. ಲಿಫ್ಟ್ ರಿಪೇರಿಗೆ ಹೋದವರು ಆ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ, ಕೇಳಿದ್ದರೂ ನನಗೆ ಬಾಯಿ ಇರಲಿಲ್ಲ. ನಿನ್ನನ್ನು ಕರೆತರಲು ನನ್ನ ಅಣ್ಣ, ನಿನ್ನ ಮಾವ, ಸ್ಕೂಲಿಗೆ ಹೋದರು. ಇನ್ನೂ ಅರ್ಧ ಪೇಪರ್ ಇದೆ, ಬರೆದು ಮುಗಿಸ್ಲಿ, ಒಂದು ವರ್ಷ ಯಾಕೆ ಹಾಳಾಗ್ಬೇಕು ಅಂತ ನಿಮ್ಮ ಹೆಡ್ ಮೇಡಂ ಅಂದರು. ಮಾವ ಒಪ್ಪಿದರು. ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದರು. ನೀನು ಒಳಗೆ ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದೆ, ಹೊರಗೆ ಇಡೀ ಸ್ಕೂಲಿಗೆ ಗೊತ್ತಿತ್ತು. ನೀನು ಕೇಳದೆಯೇ ಜವಾನ ನೀರು ತಂದಿಟ್ಟ. ಮೇಲ್ವಿಚಾರಕರು ನಿನ್ನ ಡೆಸ್ಕಿನ ಹತ್ತಿರ ನಿಂತು ನಿನ್ನನ್ನು ನೋಡಿ ನಕ್ಕರು. ಉತ್ತರ ಸರಿ ಬಂದದ್ದನ್ನು ನೋಡಿ ನಕ್ಕರು ಎಂದು ನೀನು ಅಂದುಕೊಂಡೆ. ಪ್ರಶ್ನೆಪತ್ರಿಕೆ ಬೀಸುತ್ತ, ಕೊನೇ ಲೆಕ್ಕ ಬಂತು ಮಾವ ಅಂತ ಗೇಟಿನವರೆಗೆ ಓಡಿಬಂದೆ.

ಆಮೇಲೆ ನಿನಗೆ ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕಾಣಿಸುವುದೇ ನಿಂತುಹೋಯಿತು. ಹೊರಗೆ ಏನೋ ಆಗಿದೆ, ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೆ ಹೇಳುತ್ತಿಲ್ಲ ಎಂಬುದೊಂದೇ ತಲೆಯಲ್ಲಿ. ಯಾರಾದರೂ ನಿನ್ನ ಮುಖ ನೋಡಿ ನಕ್ಕರೆ ಸಾಕು, ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಕಾಲೇಜಿನ ಮೊದಲ ವರ್ಷದ ಪರೀಕ್ಷೆಯಲ್ಲಿ ಪೇಪರನ್ನು ಮೇಜಿನ ಮೇಲೆ ಬಿಟ್ಟು ಓಡಿಬಂದು, ಟಾಯ್ಲೆಟ್ಟಿನಿಂದ ನನಗೆ ಫೋನ್ ಮಾಡಿದೆ. ಅಮ್ಮ, ಏನಾಯ್ತು? ಏನೂ ಆಗಿಲ್ಲ ಕಂದ. ನಿಜ ಹೇಳು. ನಿಜವಾಗ್ಲೂ ಏನೂ ಆಗಿಲ್ಲ. ದಿನಕ್ಕೆ ಎಷ್ಟು ಸಲ ಈ ಮಾತಾಡಿದ್ದೇವೋ ಲೆಕ್ಕವಿಲ್ಲ. ಒಂದು ಕೈಯಲ್ಲಿ ಲೆನ್ಸು, ಒಂದು ಕೈಯಲ್ಲಿ ಫೋನು. ಏನೂ ಆಗಿಲ್ಲ, ಏನೂ ಆಗಲ್ಲ ಎಂದು ಹೇಳಿ ಹೇಳಿಯೇ ನನ್ನ ನಾಲಿಗೆ ಸವೆದಿರಬೇಕು. ಈ ತಮಾಷೆ ಬರೆಯಲ್ಲ ಅಂತ ಚಿಕ್ಕಮ್ಮ ಹಟ ಹಿಡಿದಳು. ಬರೆಸಿದೆ.

ಆಗಲೇ ನಿನಗೆ ಕಾಲೇಜಿನ ಕೌನ್ಸೆಲರ್ ಸಿಕ್ಕಿದ್ದು, ನಿನ್ನ ದೊಡ್ಡ ಕನ್ನಡಕದ ಮೇಡಂ. ಫೋಟೋ ನೋಡಿ, ಮುಖಕ್ಕಿಂತ ಫ್ರೇಮ್ ದೊಡ್ಡದಾಯ್ತು, ಒಂದು ಸಲ ನಮ್ಮ ಅಂಗಡಿಗೆ ಕಳಿಸು ಅಂತ ನಾನು ಅಂದಿದ್ದೆ, ನೆನಪಿದೆಯಾ? ಅವರೇ ನನ್ನನ್ನು ಕರೆಸಿಕೊಂಡರು. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಹೇಳಿದರು: ಇನ್ಮೇಲೆ ನೀವು ಏನೂ ಆಗಿಲ್ಲ, ಏನೂ ಆಗಲ್ಲ ಅನ್ನೋದನ್ನ ನಿಲ್ಲಿಸ್ಬೇಕು. ಅದು ತುರಿಕೆ ಕೆರೆದ ಹಾಗೆ, ಆ ಕ್ಷಣಕ್ಕೆ ಹಾಯಾಗಿರುತ್ತೆ, ಆಮೇಲೆ ಇನ್ನೂ ಜಾಸ್ತಿಯಾಗುತ್ತೆ. ವಾರಕ್ಕೆ ಒಂದೇ ಫೋನು, ಭಾನುವಾರ. ಭಯ ಹೇಳೋದು ನಿಜಾನೋ ಸುಳ್ಳೋ ಅಂತ ಅವಳೇ ಪರೀಕ್ಷೆ ಮಾಡಿ ನೋಡ್ಕೋಬೇಕು. ನಾನು ತಲೆಯಾಡಿಸಿದೆ. ಆದರೆ ಮಗಳಿಗೆ ಸಮಾಧಾನ ಹೇಳಬೇಡ ಎಂದು ತಾಯಿಗೆ ಹೇಳಲು ಇವರ್ಯಾರು ಎಂದು ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ನನ್ನ ಬೈಗುಳ ತಪ್ಪು ಎಂದು ನೀನೇ ತೋರಿಸಿಕೊಟ್ಟೆ. ಮೊದಲು ಖಾಲಿ ಹಾಲ್‌ನಲ್ಲಿ ಫೋನ್ ಆಫ್ ಮಾಡಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಗೆಳತಿಯರನ್ನು ಕೂರಿಸಿಕೊಂಡು ಅಭ್ಯಾಸಕ್ಕೆ ಒಂದು ಪರೀಕ್ಷೆ ಬರೆದೆ. ಪ್ರತಿ ಸಲವೂ ಕೈಯಲ್ಲಿ ಒಂದು ಕಾರ್ಡು. ಒಳಗೆ ಹೋಗುವ ಮೊದಲು ಒಂದು ಬದಿಯಲ್ಲಿ ಭಯ ಏನು ಹೇಳುತ್ತಿದೆ ಎಂದು ಬರೆಯಬೇಕು. ಹೊರಗೆ ಬಂದ ಮೇಲೆ, ನಿಜವಾಗಿ ಏನಾಗಿತ್ತು ಎಂದು ತಿಳಿದುಕೊಂಡು ಇನ್ನೊಂದು ಬದಿಯಲ್ಲಿ ಬರೆಯಬೇಕು. ಭಾನುವಾರ ನನಗೆ ಓದಿ ಹೇಳುತ್ತಿದ್ದೆ. ಮೇಲ್ವಿಚಾರಕರು ನಕ್ಕರೆ ಅದಕ್ಕೆ ಇನ್ನೇನೇನು ಕಾರಣ ಇರಬಹುದು ಎಂದು ಮೇಡಂ ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠ. ಅವರಿಗೆ ಸಂಬಳ ಆಗಿರಬಹುದು. ಹಲ್ಲು ಕಟ್ಟಿಸಿಕೊಂಡಿರಬಹುದು, ತೋರಿಸಬೇಕಲ್ಲ. ಹಿಂದಿನ ಬೆಂಚಿನವನು ಗೊರಕೆ ಹೊಡೆಯುತ್ತಿರಬಹುದು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅಪ್ಪ ಹೋದ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಕ್ಲಾಸ್ ಟೆಸ್ಟನ್ನು ಕೊನೆಯವರೆಗೂ ಬರೆದೆ. ಬೆಲ್ ಹೊಡೆದದ್ದೇ ಗೊತ್ತಾಗ್ಲಿಲ್ಲ ಅಮ್ಮ ಅಂದೆ.

ಇನ್ನು ಹೇಳಲೇಬೇಕು. ಆ ಟೆಸ್ಟಿಗೆ ಮುಂಚೆ ಕಾರ್ಡಿನಲ್ಲಿ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ನನಗೆ ಹೇಳುತ್ತಿಲ್ಲ ಎಂದು ನೀನು ಬರೆದಿದ್ದೆ. ನಾನು ಆಸ್ಪತ್ರೆಯಲ್ಲೇ ಇದ್ದೆ, ಪುಟ್ಟಿ. ಅದೇ ಹೊತ್ತಿಗೆ ತೋಳಿಗೆ ಸೂಜಿ ಚುಚ್ಚಿ ನರದ ಪರೀಕ್ಷೆ ಮಾಡುತ್ತಿದ್ದರು. ಅವತ್ತು ನೀನೆಲ್ಲಿದ್ದೆ ಅಮ್ಮ ಅಂತ ಭಾನುವಾರ ನೀನು ಕೇಳಿದೆ. ಅಂಗಡೀಲಿದ್ದೆ, ಇನ್ನೆಲ್ಲಿರ್ತೀನಿ ಅಂತ ನಾನು ಅಂದೆ. ನೀನು ಕಾರ್ಡು ತಿರುಗಿಸಿದ ಸದ್ದು, ಪೆನ್ನಿನ ಸದ್ದು ನನಗೆ ಕೇಳಿಸಿತು. ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದೆ: ಏನೂ ಆಗಿರಲಿಲ್ಲ, ಅಮ್ಮ ಅಂಗಡಿಯಲ್ಲಿದ್ದಳು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಮ್ಮ, ನಿನ್ನ ಮಾತು ಯಾಕೋ ಎಳೀತಿದೆ ಅಂತ ಒಂದು ಭಾನುವಾರ ನೀನು ಅಂದೆ. ಹಲ್ಲುನೋವು ಅಂತ ನಾನು ಅಂದೆ. ಮುಂದಿನ ಭಾನುವಾರವೂ, ಇನ್ನೂ ಹಾಗೇ ಇದೆಯಲ್ಲಮ್ಮ ಅಂತ ನೀನು ಅಂದೆ. ಆಗ ನಾನು ಏನು ಹೇಳಿದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಊಟ ಮಾಡುವಾಗಲೂ ನೆನಪಾಗುತ್ತದೆ. ನೋಡು, ಮತ್ತೆ ನಿನ್ನ ಭಯ ಮಾತಾಡ್ತಿದೆ, ಕಾರ್ಡಲ್ಲಿ ಬರಿ ಅಂದೆ. ನಿನಗೆ ವಾಸಿಯಾಗಲಿ ಎಂದು ಆ ಮೇಡಂ ಕೊಟ್ಟ ಔಷಧಿಯಿಂದಲೇ ನಿನ್ನ ಬಾಯಿ ಮುಚ್ಚಿಸಿದೆ. ನೀನು ಸಣ್ಣ ದನಿಯಲ್ಲಿ, ಹೌದಮ್ಮ, ನನ್ನ ಕಿವೀನೇ ಹೀಗೆ, ಸಾರಿ ಅಂದೆ. ನೀನು ನನ್ನನ್ನು ಕ್ಷಮೆ ಕೇಳಿದೆ.

ನಿನ್ನ ಕಿವಿ ಸುಳ್ಳು ಹೇಳಿರಲಿಲ್ಲ. ನನ್ನ ಮಾತು ನಿಜವಾಗಿಯೂ ಎಳೆಯುತ್ತಿತ್ತು. ನೀನು ಕೇಳಿಸಿಕೊಂಡದ್ದು ಭಯ ಅಲ್ಲ, ನಿನ್ನ ಅಮ್ಮನ ನಾಲಿಗೆ. ಈ ಸಾಲಿಗಾಗಿಯೇ ಈ ಕಾಗದ ಬರೆಸಿದ್ದು. ಮಿಕ್ಕದ್ದೆಲ್ಲ ಮರೆತರೂ ಇದನ್ನು ಮರೆಯಬೇಡ.

ನಮ್ಮ ಅಂಗಡಿಗೆ ಒಬ್ಬ ಲಾರಿ ಡ್ರೈವರ್ ಬರುತ್ತಿದ್ದ. ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟ್ ಬೇಕು. ಗೋಡೆಯ ಮೇಲಿನ ಅಕ್ಷರಗಳ ಬೋರ್ಡನ್ನು ಮೊದಲೇ ಉರು ಹೊಡೆದುಕೊಂಡು ಬಂದು, ಕೊನೆಯ ಸಾಲಿನವರೆಗೂ ಗಡಗಡ ಓದಿಬಿಟ್ಟ. ನನಗೆ ಅನುಮಾನ ಬಂದು ಬೋರ್ಡು ತಿರುಗಿಸಿ ಇನ್ನೊಂದು ಬದಿ ತೋರಿಸಿದೆ. ಎರಡನೇ ಸಾಲಿಗೇ ನಿಂತ. ನಾಳೆ ರಸ್ತೇಲಿ ಯಾವ ಅಕ್ಷರ ಬರುತ್ತೆ ಅಂತ ಉರು ಹೊಡೀತೀಯಪ್ಪಾ ಅಂತ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ. ಮಗಳಿಗೆ ನಾನು ಮಾಡಿಕೊಟ್ಟದ್ದು ಅವನು ಕೇಳಿದಂಥದೇ ಸುಳ್ಳು ಸರ್ಟಿಫಿಕೇಟು. ನಿನ್ನ ಅಷ್ಟೂ ಕಾರ್ಡುಗಳ ಹಿಂಬದಿಯನ್ನು ನೀನು ಪ್ರಾಮಾಣಿಕವಾಗಿ ಬರೆದೆ, ಅಲ್ಲಿ ಏನು ಬರೆಯಬೇಕು ಎಂದು ಹೇಳಿದವಳು ನಾನು.

ಕಳೆದ ಎರಡು ಭಾನುವಾರ ನನ್ನ ಮಾತು ಸ್ಪಷ್ಟವಾಗಿದೆ ಎಂದು ನೀನು ಕುಣಿದೆಯಲ್ಲ, ಅದರ ಬಗ್ಗೆ ನಾನು ಬರೆಸುವುದಿಲ್ಲ. ಅದನ್ನು ಹೇಳಬೇಕಾದವಳು ಬೇರೆ ಇದ್ದಾಳೆ, ಕೊನೆಯಲ್ಲಿ ಅವಳೇ ಹೇಳುತ್ತಾಳೆ. ಆ ಎರಡು ಭಾನುವಾರದ ನಂತರ ನನಗೆ ತಡೆದುಕೊಳ್ಳಲು ಆಗಲಿಲ್ಲ ಎಂದಷ್ಟೇ ಹೇಳುತ್ತೇನೆ.

ನಿನಗೆ ಹೇಳಿಬಿಡುತ್ತೇನೆ ಅಂದಾಗ ಮಾವ ಎಗರಾಡಿದರು. ತಲೆ ಕೆಟ್ಟಿದ್ಯಾ ನಿಂಗೆ? ಸೋಮವಾರದಿಂದ ಫೈನಲ್ ಪರೀಕ್ಷೆ. ಈಗ ತಾ‌ನೇ ಮನುಷ್ಯಳಾಗಿದ್ದಾಳೆ ಹುಡುಗಿ. ಪರೀಕ್ಷೆ ಮುಗೀಲಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ, ಆಮೇಲೆ ನಿಧಾನವಾಗಿ ಹೇಳೋಣ ಅಂದರು. ನಾನು ಅವರನ್ನೇ ನೋಡಿದೆ. ಅವತ್ತು ಸ್ಕೂಲಿನಲ್ಲಿ ತಾವು ಒಪ್ಪಿದ ಮಾತೇ ಈಗ ತಮ್ಮ ಬಾಯಿಂದ ಬಂತು ಎಂದು ಅವರಿಗೇ ಹೊಳೆದಿರಬೇಕು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಪಾಪ, ಆ ಗೇಟಿನ ಹತ್ತಿರ ನೀನು ಪ್ರಶ್ನೆಪತ್ರಿಕೆ ಬೀಸುತ್ತ ಓಡಿಬಂದದ್ದನ್ನು ನೋಡಿದವರು ಅವರೊಬ್ಬರೇ. ಅವರಿಗೆ ಅದು ಇನ್ನೂ ಮುಗಿದಿಲ್ಲ.

ನಿನ್ನ ಮೇಡಂಗೆ ಫೋನ್ ಮಾಡಿದೆ. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ, ಚಿಕ್ಕಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ತಿರುಗಿ ಹೇಳಿದಳು. ನಾನು, ಈಗ ಹೇಳಿದ್ರೆ ಅವಳ ಭಯವೇ ನಿಜ ಅಂತ ಹೇಳಿದ ಹಾಗಾಗುತ್ತೆ, ನೀವು ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ ಅಂದೆ. ಅವರು, ಇಲ್ಲಮ್ಮ, ಏನೂ ಆಗಲ್ಲ ಅಂತ ನಾನು ಅವಳಿಗೆ ಯಾವತ್ತೂ ಹೇಳಿಲ್ಲ, ಹಾಗೆ ಹೇಳೋಕೆ ನಾನೇನು ಭವಿಷ್ಯ ಹೇಳೋಳಲ್ಲ ಅಂದರು. ಭಯ ಎರಡು ಸುಳ್ಳು ಹೇಳುತ್ತಂತೆ. ಒಂದು, ಈಗಲೇ ಏನೋ ಆಗೇ ಆಗುತ್ತೆ ಅಂತ. ಇನ್ನೊಂದು, ಆದರೆ ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ. ಮೊದಲನೇದು ಒಂದೊಂದು ಸಲ ನಿಜ ಆಗುತ್ತೆ, ಎರಡನೇದು ಸುಳ್ಳು ಅಂತ ಅವಳಿಗೆ ಈಗೀಗ ಗೊತ್ತಾಗ್ತಿದೆ ಅಂದರು. ಹೇಳಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾನು ಬಸ್ಸಿನಲ್ಲಿ ಬೈದದ್ದನ್ನೆಲ್ಲ ಆ ಹೊತ್ತಿಗೆ ವಾಪಸ್ ತೆಗೆದುಕೊಂಡೆ. ಫ್ರೇಮ್ ವಿಷಯ ಮಾತ್ರ ಬಿಟ್ಟು.

ಹೀಗೆ ನೋಡಿದರೆ ಈ ಸಲವೂ ನಿನಗಿಂತ ಮುಂಚೆ ಚಿಕ್ಕಮ್ಮನಿಗೆ ಗೊತ್ತು, ಮಾವನಿಗೆ ಗೊತ್ತು, ಅಂಗಡಿಯ ಯಜಮಾನರಿಗೆ ಗೊತ್ತು, ಮೇಡಂಗೂ ಗೊತ್ತು. ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ನನಗೆ ಹೆದರಿಕೆಯಾಗಿತ್ತು. ನಿನ್ನ ಪರೀಕ್ಷೆ ಹಾಳಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ, ಅದೂ ನಿಜವೇ. ಆದರೆ ಅದಕ್ಕಿಂತ ಹೆಚ್ಚಾಗಿ, ಭಾನುವಾರದ ಆ ನಗು ನಿಂತುಹೋಗುತ್ತದೆ ಎಂದು ಹೆದರಿದೆ. ಇನ್ನು ಎಷ್ಟು ಭಾನುವಾರ ಕೇಳುತ್ತೇನೋ ಎಂಬ ಆಸೆಬುರುಕತನ.

ಈಗ ಮುಂದಿನ ಮಾತು. ಏನೂ ಆಗುವುದಿಲ್ಲ ಎಂದು ಇನ್ನು ಯಾವತ್ತೂ ನಿನಗೆ ಹೇಳಲಾರೆ. ಅದರ ಬದಲು ಇನ್ನೊಂದು ಮಾತು ಕೊಡುತ್ತೇನೆ. ನನಗೆ ಏನೇ ಆದರೂ ನಿನಗೇ ಮೊದಲು ಗೊತ್ತಾಗುತ್ತದೆ. ನೀನು ಕ್ಲಾಸಿನಲ್ಲಿದ್ದರೂ, ಬಸ್ಸಿನಲ್ಲಿದ್ದರೂ, ಪರೀಕ್ಷೆ ಬರೆಯುತ್ತಿದ್ದರೂ. ಚಿಕ್ಕಮ್ಮ ನಿಮ್ಮ ಕಾಲೇಜಿನ ಆಫೀಸಿಗೆ ಖುದ್ದಾಗಿ ಹೋಗಿ ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಬಂದಿದ್ದಾಳೆ. ಪರೀಕ್ಷೆಯ ಹೊತ್ತಿನಲ್ಲಿ ಮನೆಯಿಂದ ಫೋನ್ ಬಂದರೆ ಪೇಪರ್ ಮುಗಿಯಲಿ ಎಂದು ಯಾರೂ ಕಾಯಬಾರದು, ಆ ಕ್ಷಣವೇ ಹಾಲ್ ಒಳಗೆ ಬಂದು ನಿನ್ನನ್ನು ಕರೆಯಬೇಕು. ನಿಯಮ ಇಲ್ಲವಲ್ಲಮ್ಮ ಎಂದು ಅವರು ಮೊದಲು ರಾಗ ಎಳೆದರಂತೆ. ಚಿಕ್ಕಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ ಬಸ್ಸುಗಳ ಹೆಸರು ಕೂಗುವವಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವಳ ಗಂಟಲಿಗೆ ಹೆದರಿಯೇ ಒಪ್ಪಿಕೊಂಡಿರಬೇಕು.

ಆದ್ದರಿಂದ ಪುಟ್ಟಿ, ನೀನು ಒಳಗಿದ್ದಾಗ ಯಾರೂ ನಿನ್ನನ್ನು ಕರೆಯದಿದ್ದರೆ, ಹೊರಗೆ ಯಾರೂ ನಿನ್ನಿಂದ ಏನನ್ನೂ ಮುಚ್ಚಿಟ್ಟಿಲ್ಲ ಎಂದೇ ಅರ್ಥ. ಮೇಲ್ವಿಚಾರಕರು ನಕ್ಕರೆ ಅದು ಬರೀ ನಗು. ಯಾರಾದರೂ ನೀರು ತಂದಿಟ್ಟರೆ ಅದು ಬರೀ ನೀರು, ಕುಡಿ. ಇದೂ ಒಂದು ಥರದ ಸಮಾಧಾನವೇ ಆಯ್ತಲ್ಲ ಅಂತ ಮೇಡಂ ಅಂದರೆ ಅನ್ನಲಿ. ತಾಯಿಗೆ ಅಷ್ಟಾದರೂ ಬಿಡಬೇಕು.

ಪರೀಕ್ಷೆ ಬರೆಯುತ್ತೀಯೋ, ಬಿಟ್ಟು ಬರುತ್ತೀಯೋ, ನಾನು ಹೇಳುವುದಿಲ್ಲ. ಅವತ್ತು ಆ ಹಾಲ್‌ನಲ್ಲಿ ನಿನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು, ಯಾರೂ ಕೇಳಲಿಲ್ಲ. ಈಗ ನಾನು ಕೇಳುತ್ತಿದ್ದೇನೆ. ಬಂದರೆ ಬಾಗಿಲು ತೆಗೆದೇ ಇರುತ್ತದೆ, ಯಾಕೆ ಬಂದೆ ಅನ್ನುವುದಿಲ್ಲ. ಬರೆದರೆ, ಬರೆದು ಬಾ, ಕೊನೆಯ ಪ್ರಶ್ನೆಗೆ ಉತ್ತರ ಬಂತೋ ಇಲ್ಲವೋ ಎಂದು ನನಗೆ ಹೇಳು. ಕಾಗದ ಬರುತ್ತದೆ ಎಂದು ಮೇಡಂಗೆ ಗೊತ್ತು, ಈ ವಾರವೆಲ್ಲ ತಮ್ಮ ರೂಮಿನಲ್ಲೇ ಇರುತ್ತಾರೆ, ಯಾವ ಹೊತ್ತಿಗೆ ಹೋದರೂ ಸರಿ. ಕೋಪ ಬಂದಿದ್ದರೆ ನನ್ನ ಮೇಲೆ ಇಟ್ಟುಕೋ. ಅದನ್ನೂ ನಿನ್ನ ಭಯ ಅನ್ನುವುದಿಲ್ಲ.

ಚೆನ್ನಾಗಿ ಊಟ ಮಾಡು. ತಲೆ ಬಾಚಿಕೋ. ಸಹಿ ನಾನೇ ಹಾಕುತ್ತಿದ್ದೇನೆ, ಎಡಗೈಯಲ್ಲಿ. ಈಗ ಕಾಗೆಕಾಲು ಯಾರದು ಅಂತ ಚಿಕ್ಕಮ್ಮ ಕೇಳುತ್ತಿದ್ದಾಳೆ.

ನಿನ್ನ,
ಅಮ್ಮ

ಮರೆತ ಮಾತು: ಇದು ಚಿಕ್ಕಮ್ಮ ಬರೆಯುತ್ತಿರುವುದು. ಅಕ್ಕ ಒಳಗೆ ಮಲಗಿದ್ದಾಳೆ.

ಕಳೆದ ಎರಡು ಭಾನುವಾರ ಫೋನಿನಲ್ಲಿ ಮಾತಾಡಿದ್ದು ನಾನು. ನಮ್ಮಿಬ್ಬರ ದನಿ ಒಂದೇ ಎಂದು ನಿನ್ನ ಅಪ್ಪನೂ ಎಷ್ಟೋ ಸಲ ಮೋಸ ಹೋಗಿದ್ದಾರೆ, ನಾವು ನಗುತ್ತಿದ್ದೆವು. ಅಕ್ಕನ ಮಾತು ಈಗ ಎದುರಿಗಿದ್ದರೆ ನನಗೆ ತಿಳಿಯುತ್ತದೆ, ಫೋನಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವಳು ಬೇಡ ಎಂದು ತಲೆಯಾಡಿಸುತ್ತಿದ್ದರೂ ಫೋನ್ ಕಸಿದುಕೊಂಡು ಹಲೋ ಪುಟ್ಟಿ ಅಂದವಳು ನಾನು. ನೀನು ಸಂತೋಷದಿಂದ ಕೂಗಿದೆ. ಅಮ್ಮ, ನಿನ್ನ ದನಿ ಸರಿಹೋಯ್ತು, ನೋಡು, ಎಲ್ಲ ನನ್ನ ಕಿವಿಯದ್ದೇ ತಪ್ಪು ಅಂದೆ. ನಾನು ಹ್ಞೂಂ ಅಂದೆ. ನೀನು ಅಮ್ಮ ಅಮ್ಮ ಎಂದು ನನ್ನ ಹತ್ತಿರ ಮಾತಾಡುತ್ತಿದ್ದಾಗ ಅಕ್ಕ ಫೋನಿನ ಇನ್ನೊಂದು ಬದಿಗೆ ಕಿವಿ ಹಚ್ಚಿಕೊಂಡು ಕೂತಿದ್ದಳು. ನೀನು ನಕ್ಕಾಗ ಅವಳೂ ನಕ್ಕಳು, ಸದ್ದಿಲ್ಲದೆ, ನಿನಗೆ ಕೇಳಿಸಬಾರದು ಎಂದು ಬಾಯಿಗೆ ಸೆರಗು ಒತ್ತಿಕೊಂಡು. ಎರಡನೇ ಭಾನುವಾರ ಫೋನ್ ಇಟ್ಟ ಮೇಲೆ, ನನ್ನ ಮಗಳು ಇನ್ನೊಬ್ಬಳನ್ನ ಅಮ್ಮ ಅಂದಳು ಅಂತ ಅಷ್ಟೇ ಹೇಳಿದಳು. ಅಷ್ಟು ಹೇಳುವುದಕ್ಕೇ ತುಂಬ ಹೊತ್ತು ಹಿಡಿಯಿತು. ನನ್ನನ್ನು ಕ್ಷಮಿಸಬೇಕು ಎಂದೇನೂ ಇಲ್ಲ.

ಈ ಭಾನುವಾರ ಫೋನ್ ಎತ್ತುವುದು ನಿನ್ನ ಅಮ್ಮನೇ. ನಾನು ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ನಿನ್ನನ್ನು ಪುಟ್ಟಿ ಎಂದು ಕರೆಯಲು ಅಭ್ಯಾಸ ಮಾಡುತ್ತಿದ್ದಾಳೆ. ಎರಡು ತುಟಿ ಒಂದಕ್ಕೊಂದು ಸೇರುವುದಿಲ್ಲ, ಮೊದಲ ಅಕ್ಷರಕ್ಕೇ ನಿಲ್ಲುತ್ತಾಳೆ, ಮತ್ತೆ ಶುರು ಮಾಡುತ್ತಾಳೆ. ಅರ್ಥವಾಗದಿದ್ದರೆ ಅರ್ಥವಾಯಿತು ಅನ್ನಬೇಡ, ಅವಳಿಗೆ ಗೊತ್ತಾಗುತ್ತದೆ. ಇನ್ನೊಂದು ಸಲ ಹೇಳಮ್ಮ ಅನ್ನು. ಆ ಕಡೆಯಿಂದ ಏನೂ ಕೇಳಿಸದಿದ್ದರೆ ಲೈನ್ ಕಟ್ಟಾಯಿತು ಅಂದುಕೊಳ್ಳಬೇಡ, ಅವಳು ಅಲ್ಲೇ ಇರುತ್ತಾಳೆ. ಫೋನ್ ಇಡಬೇಡ.